ಗೆರಿಟ್‌ನ ಅರ್ಧ ಎಕರೆ

ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ
ಅಕ್ಟೋಬರ್ ೧೪, ೨೦೨೩

ಮಾನ್ಯ ಶ್ರೀಮತಿ ತಾರಿಣಿ ಅವರಿಗೆ,

ನಮಸ್ಕಾರ. ತಮಗೆ ನನ್ನ ಪರಿಚಯವಿಲ್ಲ. ಇಲ್ಲಿಯ ಕನ್ನಡ ಕೂಟದ ಗೆಳೆಯ ಶ್ರೀನಿ ತಮ್ಮ ಈಮೇಲ್ ವಿಳಾಸ ಕೊಟ್ಟರು. ಕನ್ನಡದಲ್ಲಿ ಬರೆದವರಿಗೆ ಮಾತ್ರ ತಾವು ಉತ್ತರಿಸುತ್ತೀರೆಂದು ಎಚ್ಚರಿಕೆಯನ್ನೂ ಕೊಟ್ಟರು. ನಾನು ಕನ್ನಡದಲ್ಲಿ ಪತ್ರ ಬರೆದು ಬಹಳ ಕಾಲವಾಗಿದೆ. ದೋಷಗಳಿದ್ದರೆ ಮನ್ನಿಸಬೇಕು.

ನಾನು ಮೈಸೂರಿನವನು. ಔಷಧ ತಯಾರಿಸುವ ಕಂಪನಿಯೊಂದರಲ್ಲಿ ವ್ಯಾಲಿಡೇಷನ್ ಇಂಜಿನಿಯರ್. ಯಂತ್ರವೊಂದು ತನಗೆ ವಹಿಸಿದ ಕೆಲಸವನ್ನೇ ಮಾಡುತ್ತಿದೆ ಎಂಬುದನ್ನು ದಾಖಲೆಯ ಮೂಲಕ ಸ್ಥಾಪಿಸುವುದು ನನ್ನ ಉದ್ಯೋಗ. ಬರೆದಿಡದಿದ್ದರೆ ಅದು ನಡೆದೇ ಇಲ್ಲ ಎಂಬುದು ನಮ್ಮ ವೃತ್ತಿಯ ಗಾದೆ.

ವಿಷಯ ಇದು. ನಮ್ಮ ಬಡಾವಣೆ ಒಂದು ಕಾಲಕ್ಕೆ ಹೊಲವಾಗಿತ್ತು. ಮಳೆನೀರು ನಿಲ್ಲಿಸುವ ಕೊಳದ ಹಿಂದೆ ಬೇಲಿ ಹಾಕಿದ ಅರ್ಧ ಎಕರೆಯ ಹಳೆಯ ಸ್ಮಶಾನವಿದೆ. ೧೭೪೪ರ ಮೇ ತಿಂಗಳಲ್ಲಿ ಗೆರಿಟ್ ವಾನ್ ಹೆಸೆಲ್ ಎಂಬ ಡಚ್ ರೈತ ಒಂದು ಕ್ರಯಪತ್ರದಲ್ಲಿ ಹೀಗೆ ಬರೆಸಿದ್ದಾನೆ: "ನನ್ನ ಹೆಂಡತಿಯನ್ನು ಮಣ್ಣುಮಾಡಿರುವ ಈ ಜಾಗ ನನಗೂ, ನನ್ನ ಮೈಯಿಂದ ಹುಟ್ಟಿದ ಸಂತತಿಗೂ, ಅವರನ್ನು ಮದುವೆಯಾದವರಿಗೂ ಮೀಸಲು." ಭೂಮಿ ಎಷ್ಟು ಕೈ ಬದಲಾದರೂ ಈ ಷರತ್ತು ಅದರ ಜೊತೆಗೇ ಬಂದಿದೆ. ಈಗ ಒಡೆತನ ನಮ್ಮ ಬಡಾವಣೆಯ ಅಸೋಸಿಯೇಷನ್ನಿನದು. ನಾನು ಅದರ ಕಾರ್ಯದರ್ಶಿ.

ನನ್ನ ಪಕ್ಕದ ಮನೆಯವರು ವಿಲರ್ಡ್ ವಾನ್ ಹೆಸೆಲ್. ಎಂಬತ್ತಾರು ವರ್ಷ. ಅವರ ಪತ್ನಿ ಡೋರಿಸ್‌ರನ್ನು ೧೯೯೧ರಲ್ಲಿ ಅದೇ ಬೇಲಿಯೊಳಗೆ ಮಣ್ಣುಮಾಡಿದ್ದಾರೆ. ಆಗ ಹೊಲ ಅವರ ದಾಯಾದಿಯದಾಗಿತ್ತು. ಯಾರೂ ಏನೂ ಕೇಳಲಿಲ್ಲ. ತಾವೂ ಪತ್ನಿಯ ಪಕ್ಕದಲ್ಲೇ ಮಲಗಬೇಕೆಂದು ಅವರು ಅನುಮತಿ ಕೇಳಿದ್ದಾರೆ. ಗೆರಿಟ್‌ನ ನೇರ ಸಂತತಿ ಎಂದು ರುಜುವಾತಾದರೆ ಮಾತ್ರ ಎಂದು ನಮ್ಮ ವಕೀಲರು ಹೇಳಿದ್ದಾರೆ.

ವಿಲರ್ಡ್‌ರಿಂದ ಹಿಂದಕ್ಕೆ, ೧೭೩೧ರಲ್ಲಿ ಹುಟ್ಟಿದ ಪೀಟರ್ ಎಂಬುವನವರೆಗೆ ದಾಖಲೆ ನಿರಾತಂಕವಾಗಿದೆ. ಪೀಟರ್‌ನ ತಂದೆ ಹಾರ್ಮೆನ್. ತೊಡಕು ಇಲ್ಲಿದೆ: ಆ ಮನೆಯಲ್ಲಿ ಗೆರಿಟ್‌ಗಳು ಇಬ್ಬರು. ಒಬ್ಬ ಪೀಟರ್‌ನ ಅಜ್ಜ, ಇನ್ನೊಬ್ಬ ಪೀಟರ್‌ನ ಅಣ್ಣ. ಪತ್ರ ಬರೆಸಿದವನು ಅಜ್ಜನಾದರೆ ವಿಲರ್ಡ್‌ರಿಗೆ ಜಾಗವುಂಟು. ಅಣ್ಣನಾದರೆ ಇಲ್ಲ, ತಮ್ಮನ ವಂಶ ಅಣ್ಣನ ಸಂತತಿಯಾಗದು.

ಚರ್ಚಿನ ದೀಕ್ಷಾಸ್ನಾನದ ಮತ್ತು ಮದುವೆಯ ಪುಟಗಳ ಚಿತ್ರಗಳು ನನ್ನಲ್ಲಿವೆ. ಹಳೆಯ ಡಚ್ ಕೈಬರಹ ನನಗೆ ಓದಲಾಗದು. ತಾವು ನೋಡಿಕೊಟ್ಟರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಅಶ್ವತ್ಥನಾರಾಯಣ

* * *

ಜ್ವೊಲೆ, ನೆದರ್‌ಲ್ಯಾಂಡ್ಸ್
ಅಕ್ಟೋಬರ್ ೨೦, ೨೦೨೩

ಅಶ್ವತ್ಥನಾರಾಯಣರೇ,

ಇಷ್ಟು ಇಸ್ತ್ರಿ ಮಾಡಿದ ಕನ್ನಡ ಓದಿ ಎಷ್ಟು ವರ್ಷವಾಯಿತೋ. ನನ್ನ ಪತ್ರ ಸ್ವಲ್ಪ ಮುದುಡಿಕೊಂಡೇ ಇರುತ್ತದೆ, ಬೇಸರ ಮಾಡಬೇಡಿ.

ನಾನು ಕುಂದಾಪುರದ ಹತ್ತಿರ ಬಸ್ರೂರಿನವಳು. ನಮ್ಮ ಊರಿನ ಹೊಳೆದಂಡೆಯಲ್ಲಿ ಡಚ್ಚರು ಅಕ್ಕಿ ತುಂಬಿಸಲು ಒಂದು ಕೋಠಿ ಇಟ್ಟಿದ್ದರು. ಅವರು ನಮ್ಮ ಬಗ್ಗೆ ಎಂತ ಬರೆದಿದ್ದಾರೆ ನೋಡುವ ಎಂದು ಇಪ್ಪತ್ತನಾಲ್ಕನೇ ವಯಸ್ಸಿಗೆ ಈ ದೇಶಕ್ಕೆ ಬಂದೆ. ಹೆಚ್ಚಾಗಿ ಬೈದಿದ್ದಾರೆ. ಅಷ್ಟರಲ್ಲಿ ಲಿಪಿ ಕಲಿತಿದ್ದೆ, ಇಲ್ಲಿಯವನನ್ನೇ ಮದುವೆಯೂ ಆಗಿದ್ದೆ. ಈಗ ನಿವೃತ್ತಿಯಾಗಿದೆ. ಮನೆಯಲ್ಲಿ ಕನ್ನಡ ನನ್ನೊಬ್ಬಳದೇ. ಅದಕ್ಕೇ ಆ ಷರತ್ತು.

ನಿಮ್ಮ ಗೆರಿಟ್ ಸಮಸ್ಯೆ ಅಮೆರಿಕದವರನ್ನು ಗೋಳುಹೊಯ್ದುಕೊಳ್ಳುತ್ತದೆ, ನಮ್ಮವರಿಗೆ ಕಷ್ಟವಾಗಬಾರದು. ಈ ಜನರಿಗೆ ಆಗ ಮನೆತನದ ಹೆಸರೇ ಇರಲಿಲ್ಲ, ಅಪ್ಪನ ಹೆಸರೇ ಬಾಲ. ಮೊದಲ ಗಂಡುಮಗನಿಗೆ ಅಪ್ಪನ ಅಪ್ಪನ ಹೆಸರು. ಹಾರ್ಮೆನ್‌ನ ಮಗ ಗೆರಿಟ್, ಗೆರಿಟ್‌ನ ಮಗ ಹಾರ್ಮೆನ್, ಮತ್ತೆ ಅವನ ಮಗ ಗೆರಿಟ್. ತೊಟ್ಟಿಲು ತೂಗಿದ ಹಾಗೆ ಅತ್ತ ಒಂದು ಸಲ, ಇತ್ತ ಒಂದು ಸಲ. ನಿಮ್ಮ ಗೆರಿಟ್‌ಗಳು ಇಬ್ಬರೂ "ಹಾರ್ಮೆನ್‌ನ ಮಗ ಗೆರಿಟ್" ಎಂದೇ ಬರೆಸಿಕೊಂಡಿರುತ್ತಾರೆ. ವಾನ್ ಹೆಸೆಲ್ ಎನ್ನುವುದು ಇಂಗ್ಲಿಷರು ಬಂದು "ಸರ್‌ನೇಮ್ ಎಂತ?" ಎಂದು ಕೇಳಿದ ಮೇಲೆ ಅಂಟಿಸಿಕೊಂಡದ್ದು.

ಚಿತ್ರಗಳು ಮಸುಕಾಗಿವೆ, ಇನ್ನೂ ದೊಡ್ಡದಾಗಿ ಕಳಿಸಿ. ಮತ್ತೊಂದು ನೇರ ಪ್ರಶ್ನೆ. ನೀವು ಆ ಮುದುಕರ ಪರವೋ, ಅಸೋಸಿಯೇಷನ್ನಿನ ಪರವೋ? ಪತ್ರ ಓದಿ ನನಗೆ ಗೊತ್ತಾಗಲಿಲ್ಲ.

ತಾರಿಣಿ

* * *

ಮಾನ್ಮತ್ ಜಂಕ್ಷನ್
ಅಕ್ಟೋಬರ್ ೨೯, ೨೦೨೩

ಮಾನ್ಯ ತಾರಿಣಿ ಅವರಿಗೆ,

ದೊಡ್ಡ ಚಿತ್ರಗಳನ್ನೂ, ಈವರೆಗೆ ತಿಳಿದಷ್ಟರಿಂದ ನಾನು ಬರೆದ ವಂಶವೃಕ್ಷದ ನಕ್ಷೆಯನ್ನೂ ಲಗತ್ತಿಸಿದ್ದೇನೆ. ತಮ್ಮ ಪ್ರಶ್ನೆಗೆ ಉತ್ತರ: ನಾನು ದಾಖಲೆಯ ಪರ.

ಅಂಟಿಸಿಕೊಂಡ ಹೆಸರಿನ ಬಗ್ಗೆ ತಾವು ಬರೆದದ್ದು ಸ್ವಾರಸ್ಯಕರವಾಗಿತ್ತು. ನಾವು ಇಲ್ಲಿಗೆ ಬಂದಾಗ ಪಾಸ್‌ಪೋರ್ಟಿನಲ್ಲಿದ್ದ ನನ್ನ ತಂದೆಯ ಹೆಸರೇ ಮನೆತನದ ಹೆಸರಾಯಿತು. ನನ್ನ ಪತ್ನಿ ಅಲಮೇಲು ಮಾವನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹಲ್ಲಿನ ಡಾಕ್ಟರ ಬಳಿ "ಮಿಸೆಸ್ ವೆಂಕಟಾ-ಸುಬಾಯಾ" ಎಂದು ಕೂಗಿದಾಗ ಆಕೆ ಯಾರೋ ಹಿರಿಯರು ಬಂದರೆಂಬಂತೆ ಎದ್ದು ನಿಲ್ಲುತ್ತಾಳೆ. ಇಪ್ಪತ್ತೆರಡು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ.

ವಿಲರ್ಡ್‌ರ ಬಗ್ಗೆ ಬರೆಯಲು ಹೆಚ್ಚಿಲ್ಲ. ಕೌಂಟಿಯ ರಸ್ತೆ ಇಲಾಖೆಯಲ್ಲಿ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದರು. ನನ್ನನ್ನು "ಆ್ಯಶ್" ಎನ್ನುತ್ತಾರೆ. ಹಿಮ ಬಿದ್ದ ಬೆಳಿಗ್ಗೆ ನಾನು ಏಳುವ ಮೊದಲೇ ನನ್ನ ಡ್ರೈವ್‌ವೇಯ ಹಿಮವನ್ನೂ ತೆಗೆದಿರುತ್ತಾರೆ. ಬೇಡವೆಂದರೆ "ನೀನು ಸಲಿಕೆ ಹಿಡಿಯುವುದನ್ನು ನೋಡಲಾರೆ" ಎನ್ನುತ್ತಾರೆ.

ಶ್ರೀನಿಯೂ ನಮ್ಮ ಅಸೋಸಿಯೇಷನ್ನಿನ ಬೋರ್ಡಿನಲ್ಲಿದ್ದಾರೆ. ನಿನ್ನೆ ಪಟೇಲರ ಅಂಗಡಿಯಲ್ಲಿ ಸಿಕ್ಕು, ನಾಲ್ಕು ಜನರ ಮುಂದೆ, "ಏನ್ ಸಾರ್, ಡಚ್ಚರ ಗೋತ್ರ ಹುಡುಕ್ತಾ ಇದೀರಂತೆ! ಪ್ರವರ ಸಿಕ್ಕಿದ್ರೆ ಹೇಳಿ, ಮುದುಕಪ್ಪಂಗೆ ಅಭಿವಾದಯೇ ಕಲಿಸಿಬಿಡೋಣ" ಎಂದರು. ನಾನು ಕೊತ್ತಂಬರಿ ತೆಗೆದುಕೊಂಡು ಬಂದೆ.

ಅಶ್ವತ್ಥನಾರಾಯಣ

* * *

ಜ್ವೊಲೆ
ನವೆಂಬರ್ ೧೧, ೨೦೨೩

ಅಶ್ವತ್ಥನಾರಾಯಣರೇ,

ಮಿಸೆಸ್ ವೆಂಕಟಾ-ಸುಬಾಯಾ ಅವರಿಗೆ ನನ್ನ ನಮಸ್ಕಾರ. ಒಂದು ಗಂಟೆ ನಕ್ಕೆ. ನನ್ನ ಗಂಡ ವಿಮ್ ಗಾಬರಿಯಾಗಿ ನೀರು ತಂದ.

ಇಲ್ಲಿಯವರೆಗೆ ಓದಿದ್ದು: ೧೭೨೨ರಲ್ಲಿ ಹಾರ್ಮೆನ್‌ನ ಮೊದಲ ಮಗನಿಗೆ ದೀಕ್ಷಾಸ್ನಾನ, ಹೆಸರು ಗೆರಿಟ್. ೧೭೩೧ರಲ್ಲಿ ಪೀಟರ್. ತಾಯಿ ಇಬ್ಬರಿಗೂ ಒಬ್ಬಳೇ. ಇದು ನಿಮಗೆ ಗೊತ್ತಿದ್ದದ್ದೇ. ಪ್ರತಿ ಮಗುವಿನ ಸಾಲಿನ ಬಲತುದಿಯಲ್ಲಿ ಸಾಕ್ಷಿಗಳ ಹೆಸರಿರುತ್ತದೆ. ಆ ಭಾಗದಲ್ಲಿ ಶಾಯಿ ತುಂಬ ಮಾಸಿದೆ, ನಿಧಾನವಾಗಿ ನೋಡಬೇಕು. ಮದುವೆಯ ಪುಟವೂ ಬಾಕಿ ಇದೆ. ಅಲ್ಲಿಯವರೆಗೆ ನಿಮ್ಮ ನಕ್ಷೆಯಲ್ಲಿ ಗೆರೆ ಎಳೆಯಬೇಡಿ.

ನಿಮ್ಮ ನಕ್ಷೆ ಎಷ್ಟು ಚೊಕ್ಕವಾಗಿದೆ ಮಾರಾಯ್ರೆ! ಅದರಲ್ಲಿ ಯಾರೂ ಒಂದು ದಿನವೂ ಜಗಳವಾಡಿದಂತೆ ಕಾಣುವುದಿಲ್ಲ.

ನಿಮಗೆ ಈ ಉದ್ದದ ಹೆಸರು ಯಾರದು? ಅಜ್ಜನದೇ ಇರಬೇಕು. ಹಾಗಾದರೆ ನಿಮ್ಮ ತಾಯಿಗೂ ಅದು ಮಾವನ ಹೆಸರಾಯಿತಲ್ಲ. ಅವರು ನಿಮ್ಮನ್ನು ಎಂತ ಹೇಳಿ ಕರೆಯುತ್ತಿದ್ದರು?

ತಾರಿಣಿ

* * *

ಮಾನ್ಮತ್ ಜಂಕ್ಷನ್
ಡಿಸೆಂಬರ್ ೯, ೨೦೨೩

ಮಾನ್ಯ ತಾರಿಣಿ ಅವರಿಗೆ,

ಸಾಕ್ಷಿಗಳ ಹೆಸರುಗಳ ಬಗ್ಗೆ ತಮ್ಮಿಂದ ಮುಂದಿನ ಮಾಹಿತಿ ಬಂದಿಲ್ಲ. ತಮ್ಮ ಸಮಯವನ್ನು ಹೆಚ್ಚು ತೆಗೆದುಕೊಳ್ಳುತ್ತಿದ್ದೇನೆಂಬ ಅರಿವಿದೆ. ಬೋರ್ಡಿನ ಸಭೆ ಜನವರಿ ಹದಿನೆಂಟಕ್ಕೆ ನಿಗದಿಯಾಗಿದೆ ಎಂದು ತಿಳಿಸಲು ಮಾತ್ರ ಈ ಪತ್ರ.

ಅಶ್ವತ್ಥನಾರಾಯಣ

* * *

ಮಾನ್ಮತ್ ಜಂಕ್ಷನ್
ಜನವರಿ ೬, ೨೦೨೪

ಮಾನ್ಯ ತಾರಿಣಿ ಅವರಿಗೆ,

ಹೊಸ ವರ್ಷದ ಶುಭಾಶಯಗಳು. ನನ್ನ ಹಿಂದಿನ ಪತ್ರದಲ್ಲಿ ಏನಾದರೂ ತಮಗೆ ಅಹಿತವಾಗಿದ್ದರೆ ಕ್ಷಮೆ ಇರಲಿ. ಉಡಾಫೆಯ ಮಾತು ನನಗೆ ಬರುವುದಿಲ್ಲ. ಗಾಂಭೀರ್ಯವನ್ನು ಕೆಲವರು ಬಿಗುಮಾನವೆಂದು ತಿಳಿಯುವುದುಂಟು.

ಸಾಕ್ಷಿಗಳ ಭಾಗದ ಶಾಯಿ ಮಾಸಿದೆ ಎಂದು ತಾವೇ ಬರೆದಿರುವುದರಿಂದ ಅದನ್ನು ಲಭ್ಯವಿಲ್ಲದ ದಾಖಲೆ ಎಂದು ಪರಿಗಣಿಸಿ, ಉಳಿದದ್ದರಿಂದಲೇ ನಿರ್ಣಯಕ್ಕೆ ಬಂದಿದ್ದೇನೆ. ತರ್ಕ ಸರಳವಾಗಿದೆ. ೧೭೨೨ರಲ್ಲಿ ಮೊಮ್ಮಗನಿಗೆ ಗೆರಿಟ್ ಎಂದು ಹೆಸರಿಡಲಾಗಿದೆ. ಅಜ್ಜ ಜೀವಂತವಾಗಿರುವಾಗ ಆತನ ಹೆಸರನ್ನು ಮಗುವಿಗೆ ಇಡುವುದು ಅಸಂಭವ. ಮನೆಯ ಸೊಸೆ ಆ ಮಗುವನ್ನು ಗದರಿಸುವುದಾದರೂ ಹೇಗೆ? ಆದ್ದರಿಂದ ಹಿರಿಯ ಗೆರಿಟ್ ೧೭೨೨ಕ್ಕೆ ಮೊದಲೇ ತೀರಿಕೊಂಡಿದ್ದಾನೆ. ೧೭೪೪ರಲ್ಲಿ ಕ್ರಯಪತ್ರ ಬರೆಸಿದವನು ಕಿರಿಯವನು, ಅಂದರೆ ಪೀಟರ್‌ನ ಅಣ್ಣ. ಇಪ್ಪತ್ತೆರಡನೆಯ ವಯಸ್ಸಿಗೇ ಹೆಂಡತಿಯನ್ನು ಕಳೆದುಕೊಂಡು, ಆಕೆಯ ಪಕ್ಕದಲ್ಲಿ ತನಗೂ ಜಾಗ ಕಾದಿರಿಸಿದನೆಂಬುದು ದುಃಖದ ಸಂಗತಿ. ಅದೇ ವರ್ಷ ನವೆಂಬರಿನಲ್ಲಿ ಗೆರಿಟ್ ಎಂಬವನೊಬ್ಬನ ಮದುವೆಯ ದಾಖಲೆಯಿದೆ. ಅದು ಮರುಮದುವೆ ಇರಬೇಕು.

ನಕ್ಷೆಯ ಮೂರನೆಯ ಆವೃತ್ತಿ ಲಗತ್ತಿಸಿದೆ. ಸಭೆಯ ಮುಂಚೆ ತಮ್ಮಿಂದ ಉತ್ತರ ಬಾರದಿದ್ದರೆ ಆಕ್ಷೇಪಣೆಯಿಲ್ಲವೆಂದು ಭಾವಿಸುತ್ತೇನೆ.

ಅಶ್ವತ್ಥನಾರಾಯಣ

* * *

ಮಾನ್ಮತ್ ಜಂಕ್ಷನ್
ಜನವರಿ ೨೮, ೨೦೨೪

ಮಾನ್ಯ ತಾರಿಣಿ ಅವರಿಗೆ,

ಉತ್ತರ ನಿರೀಕ್ಷಿಸದೆ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ತಾವೂ ಪಾಲುದಾರರಾದ್ದರಿಂದ ಫಲಿತಾಂಶ ತಿಳಿಸುವುದು ನನ್ನ ಕರ್ತವ್ಯ.

ಬೋರ್ಡ್ ನನ್ನ ವರದಿಯನ್ನು ಒಪ್ಪಿ ಅನುಮತಿಯನ್ನು ನಿರಾಕರಿಸಿತು. ಅಧ್ಯಕ್ಷ ಅರವಿಂದ್ ನಕ್ಷೆಯನ್ನು ಪರದೆಯ ಮೇಲೆ ನೋಡಿ, "ಇಷ್ಟು ಕ್ಲೀನ್ ಆಗಿ ನಮ್ಮ ಪಾರ್ಕಿಂಗ್ ಪ್ಲಾನೂ ಮಾಡಿಕೊಡಿ ಸಾರ್" ಎಂದರು.

ಮರುದಿನ ವಿಲರ್ಡ್‌ರಿಗೆ ನಾನೇ ಹೋಗಿ ತಿಳಿಸಿದೆ. ಗ್ಯಾರೇಜಿನಲ್ಲಿ ಹಿಮ ಎಸೆಯುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು.

"ಅಂದರೆ ನಾನು ತಮ್ಮನ ಕಡೆಯವನು" ಎಂದರು.

"ಹೌದು."

"ತಮ್ಮಂದಿರಿಗೆ ಜಾಗವಿಲ್ಲ."

"ಪತ್ರದ ಪ್ರಕಾರ ಇಲ್ಲ."

"ನಮ್ಮಪ್ಪನಿಗೆ ಇದು ಗೊತ್ತಾಗಿದ್ದರೆ ಖುಷಿಪಡುತ್ತಿದ್ದ. ಅವನಿಗೂ ಅಣ್ಣನನ್ನು ಕಂಡರೆ ಆಗುತ್ತಿರಲಿಲ್ಲ." ಬಳಿಕ ಯಂತ್ರದ ಮುಚ್ಚಳ ಹಾಕಿ, "ನೀನು ಸರಿಯಾಗಿ ನೋಡಿದ್ದೀಯಾ, ಆ್ಯಶ್?" ಎಂದು ಕೇಳಿದರು. ನೋಡಿದ್ದೇನೆ ಎಂದೆ. "ನೀನು ನೋಡಿದ್ದರೆ ಸರಿ" ಎಂದರು.

ಅದಾದ ಮೇಲೆ ನಾನು ಊಹಿಸಿರದ ಒಂದು ಸಂಗತಿ ನಡೆಯಿತು. ಡೋರಿಸ್‌ರ ಪೆಟ್ಟಿಗೆಯನ್ನೇ ಅಲ್ಲಿಂದ ತೆಗೆಸಿ, ಪೆನ್ಸಿಲ್ವೇನಿಯಾದಲ್ಲಿ ತಮ್ಮ ಅಣ್ಣನ ಮಗಳ ಮನೆಯ ಹತ್ತಿರದ ಸ್ಮಶಾನಕ್ಕೆ ಒಯ್ಯುವುದೆಂದು ಅವರು ನಿಶ್ಚಯಿಸಿದ್ದಾರೆ. ಅಲ್ಲಿ ಇಬ್ಬರಿಗೂ ಜಾಗ ಸಿಗುತ್ತದಂತೆ. ಹೆಪ್ಪುಗಟ್ಟಿದ ನೆಲ ಸಡಿಲವಾದ ಮೇಲೆ, ಏಪ್ರಿಲ್ ಎರಡನೆಯ ವಾರದಲ್ಲಿ ಅಗೆಯುವವರು ಬರುತ್ತಾರೆ.

ನನ್ನ ಕೆಲಸ ಮುಗಿದಿದೆ. ತಮ್ಮ ಸಹಾಯಕ್ಕೆ ಕೃತಜ್ಞ.

ಅಶ್ವತ್ಥನಾರಾಯಣ

* * *

ಜ್ವೊಲೆ
ಫೆಬ್ರವರಿ ೧೮, ೨೦೨೪

ಅಶ್ವತ್ಥನಾರಾಯಣರೇ,

ಅಜ್ಜ ಸತ್ತನೆಂದು ನಿಮಗೆ ಯಾರು ಹೇಳಿದ್ದು?

ಮೊದಲು ನನ್ನ ತಪ್ಪು. ನವೆಂಬರಿನಲ್ಲಿ ಶಾಯಿ ಮಾಸಿರಲಿಲ್ಲ, ನನ್ನ ಕಣ್ಣು ಮಾಸಿತ್ತು. ನೊಣ ಹಾರಾಡಿದ ಹಾಗೆ, ಆಮೇಲೆ ಪರದೆ ಇಳಿದ ಹಾಗೆ. ಜೀವಮಾನವಿಡೀ ಓದುವುದನ್ನೇ ಕೆಲಸ ಮಾಡಿಕೊಂಡವಳಿಗೆ ಅದನ್ನು ಹೇಳಲು ನಾಚಿಕೆಯಾಯಿತು. ಶಾಯಿಯ ಮೇಲೆ ಹಾಕಿದೆ. ಎರಡು ವಾರದಲ್ಲಿ ಕಣ್ಣಿನ ಒಳಪದರವೇ ಬಿಟ್ಟುಕೊಂಡಿತು. ಶಸ್ತ್ರಚಿಕಿತ್ಸೆ, ಆಮೇಲೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿ ಮಲಗಬೇಕು. ಆಮೇಲೆ ಇನ್ನೊಂದು ಸಲ ಅದೇ. ಕ್ರಿಸ್ಮಸ್ಸಿಗೆ ಬಂದವರನ್ನೆಲ್ಲ ಅವರ ಚಪ್ಪಲಿಯಿಂದ ಗುರುತಿಸಿದೆ.

ನಿಮ್ಮ ಪತ್ರಗಳು ಬಂದಾಗ ವಿಮ್ "ನಿನ್ನ ಅಮೆರಿಕದವರು" ಎಂದು ಹೇಳುತ್ತಿದ್ದ. ಓದು ಎಂದರೆ ಹೇಗೆ ಓದುತ್ತಾನೆ? ಅವನ ಕನ್ನಡ "ಊಟ ಆಯ್ತಾ" ಎನ್ನುವಲ್ಲಿಗೆ ಮುಗಿಯುತ್ತದೆ. ಕನ್ನಡದಲ್ಲೇ ಬರೆಯಿರಿ ಎಂದು ಊರವರಿಗೆಲ್ಲ ಷರತ್ತು ಹಾಕಿದವಳಿಗೆ ಸರಿಯಾದ ಶಾಸ್ತಿ. ನೀವು ಬರೀ ಶುಭಾಶಯ ಕಳಿಸಿರುತ್ತೀರಿ, ಅವಸರವಿಲ್ಲ ಎಂದುಕೊಂಡೆ. ಮೊನ್ನೆ ಒಂದು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಮೂರನ್ನೂ ಓದಿದೆ. ಕೊನೆಯದನ್ನು ಓದಿ ಎದ್ದು ನಿಂತೆ.

ಈಗ ನಿಮ್ಮ ತಪ್ಪು. ಇದು ಮೈಸೂರಿನ ಮನೆ ಅಲ್ಲ! ಇವರು ಅಜ್ಜ ಬದುಕಿರುವಾಗಲೇ ಹೆಸರಿಡುತ್ತಾರೆ, ಹಾಗಿಟ್ಟರೇ ಅಜ್ಜನಿಗೆ ಮರ್ಯಾದೆ. ಇಡದಿದ್ದರೆ ಮುನಿಸು. ಅಷ್ಟೇ ಅಲ್ಲ, ಎಷ್ಟೋ ಸಲ ಆ ಅಜ್ಜನೇ ಮಗುವಿನ ಸಾಕ್ಷಿಯಾಗಿ ಚರ್ಚಿನಲ್ಲಿ ನಿಲ್ಲುತ್ತಾನೆ. ಇಲ್ಲಿಯ ಸೊಸೆ ಮಾವನ ಹೆಸರಿನ ಹುಡುಗನನ್ನು ಧಾರಾಳವಾಗಿ ಗದರಿಸುತ್ತಾಳೆ. ಬಹುಶಃ ಅದರಲ್ಲಿ ಅವಳಿಗೆ ಸ್ವಲ್ಪ ಸುಖವೂ ಇರುತ್ತದೆ.

ನನ್ನ ಕಣ್ಣನ್ನು ಈಗ ನಾನೇ ಪೂರ್ತಿ ನಂಬುವುದಿಲ್ಲ. ನೀವು ಓದಬೇಕು. ಎರಡು ಜಾಗ ಹೇಳುತ್ತೇನೆ.

೧೭೪೪ರ ನವೆಂಬರ್, ಮದುವೆಯ ಪುಟ. ಗೆರಿಟ್ ಎಂಬ ಹೆಸರಿನ ಪಕ್ಕದಲ್ಲಿ ಎರಡು ಸಣ್ಣ ಅಕ್ಷರಗಳು ಇವೆಯೇ ನೋಡಿ: ಕೊಕ್ಕೆಯಂಥ ಒಂದು ಜೆ, ಮೂರು ಕಾಲಿನ ಒಂದು ಎಂ. ಇದ್ದರೆ ಅವನು "ಯೊಂಗ್‌ಮನ್", ಮೊದಲು ಮದುವೆಯೇ ಆಗದವನು. ವಿಧುರನಾಗಿದ್ದರೆ ಪಾದ್ರಿ ತಪ್ಪದೆ ವಿಧುರ ಎಂದೇ ಬರೆಯುತ್ತಿದ್ದ. ಮೇ ತಿಂಗಳಿಗೆ ಹೆಂಡತಿಯನ್ನು ಮಣ್ಣುಮಾಡಿದವನು ನವೆಂಬರಿಗೆ ಅವಿವಾಹಿತ ಆಗಲಾರನಷ್ಟೆ.

ಎರಡನೆಯದು ೧೭೪೫ರ ಸೆಪ್ಟೆಂಬರ್, ದೀಕ್ಷಾಸ್ನಾನದ ಪುಟ. ಕಿರಿಯ ಗೆರಿಟ್‌ನ ಮೊದಲ ಮಗು. ಬಲತುದಿಗೆ ಹೋಗಿ. ಸಾಕ್ಷಿ ಯಾರು?

ತಾರಿಣಿ

* * *

ಮಾನ್ಮತ್ ಜಂಕ್ಷನ್
ಫೆಬ್ರವರಿ ೨೫, ೨೦೨೪

ತಾರಿಣಿಯವರೇ,

ತಮ್ಮ ಕಣ್ಣಿನ ವಿಷಯ ತಿಳಿದು ನೋವಾಯಿತು. ತಮ್ಮ ಮೌನಕ್ಕೆ ನಾನು ಹಲವು ಕಾರಣಗಳನ್ನು ಕಲ್ಪಿಸಿಕೊಂಡಿದ್ದೆ. ಅವುಗಳಲ್ಲಿ ಇದೊಂದು ಇರಲಿಲ್ಲ. ಈಗ ಹೇಗಿದ್ದೀರಿ?

ಓದಿದೆ. ಜೆ ಮತ್ತು ಎಂ, ಎರಡೂ ಇವೆ. ೧೭೪೫ರ ಸಾಲಿನಲ್ಲಿ ಮಗುವಿನ ಹೆಸರು ಹಾರ್ಮೆನ್, ತಂದೆ ಗೆರಿಟ್, ಸಾಕ್ಷಿಯ ಸ್ಥಾನದಲ್ಲಿ ಮತ್ತೊಮ್ಮೆ ಗೆರಿಟ್. ಅದರ ಮುಂದೆ ಎರಡು ಪದಗಳು. ಒಂದೊಂದೇ ಅಕ್ಷರವಾಗಿ ಕಾಗದದ ಮೇಲೆ ಬರೆದುಕೊಂಡು ನಿಘಂಟಿನಲ್ಲಿ ನೋಡಿದೆ. "ದೆ ಔದೆ." ಮುದುಕ. ಕ್ರಯಪತ್ರ ಬರೆಸಿದ ಮರುವರ್ಷ ಆತ ಚರ್ಚಿಗೆ ಬಂದು ಮರಿಮಗನಿಗೆ ಸಾಕ್ಷಿಯಾಗಿ ನಿಂತಿದ್ದಾನೆ. ಹೆಂಡತಿಯನ್ನು ಮಣ್ಣುಮಾಡಿ ಪತ್ರ ಬರೆಸಿದವನು ಅವನೇ. ನನ್ನ ನಕ್ಷೆಯಲ್ಲಿ ಅವನು ಸತ್ತು ಇಪ್ಪತ್ತಮೂರು ವರ್ಷವಾಗಿತ್ತು.

ಯಂತ್ರವೊಂದು ಹೀಗೆ ತಪ್ಪಿದ್ದರೆ ಮೂಲಕಾರಣ ಬರೆಯಬೇಕಾಗುತ್ತಿತ್ತು. ಮೂಲಕಾರಣ ನಮ್ಮ ಮನೆ. ತಾವು ನವೆಂಬರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸಿದ್ದರೆ ಬಹುಶಃ ಅಲ್ಲಿಯೇ ತಾವು ನನ್ನನ್ನು ತಡೆಯುತ್ತಿದ್ದಿರಿ. ನಮ್ಮ ತಾತ ನಾನು ಹುಟ್ಟುವ ಮೊದಲೇ ಹೋಗಿದ್ದರು. ಅಮ್ಮ ನನ್ನನ್ನು "ಮರಿ" ಎನ್ನುತ್ತಿದ್ದರು. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟರು ಮಗುವಿನ ಹೆಸರೇನಮ್ಮ ಎಂದು ಕೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡು, "ಅವನಿಗೇ ಗೊತ್ತು, ಅವನನ್ನೇ ಕೇಳಿ" ಎಂದರು. ಅವರ ಬಾಯಲ್ಲಿ ನನ್ನ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಎಲ್ಲ ತಾಯಂದಿರೂ ಹಾಗೆಯೇ ಎಂದು ತಿಳಿದಿದ್ದೆ.

ಅರವಿಂದ್‌ಗೆ ಫೋನ್ ಮಾಡಿ ಹೇಳಿದೆ. "ನೀವು ತಪ್ಪು ಮಾಡಿದ್ರಾ? ನೀವು? ಇರಿ ಸಾರ್, ರೆಕಾರ್ಡ್ ಮಾಡ್ಕೋತೀನಿ" ಎಂದರು. ಮಾರ್ಚ್ ಸಭೆಯಲ್ಲಿ ಮತ್ತೆ ಮಂಡಿಸಲು ಒಪ್ಪಿದ್ದಾರೆ.

ಕಷ್ಟ ಇರುವುದು ವಿಲರ್ಡ್‌ರಲ್ಲಿ. ತಿದ್ದಿದ ನಕ್ಷೆ ಹಿಡಿದು ಹೋದೆ. ಅದನ್ನು ತೆಗೆದುಕೊಳ್ಳಲಿಲ್ಲ.

"ಆ್ಯಶ್, ಜನವರಿಯಲ್ಲಿ ಒಂದು ಕಾಗದ ತಂದೆ. ಈಗ ಇನ್ನೊಂದು. ಮೇ ತಿಂಗಳಲ್ಲಿ ಯಾವುದನ್ನು ತರುತ್ತೀಯಾ?"

"ಇದು ಖಚಿತ."

"ಅದೂ ಖಚಿತವೇ ಆಗಿತ್ತು. ಡೋರಿಸ್‌ಗೆ ಹೇಳಿಬಿಟ್ಟಿದ್ದೇನೆ, ನಾವು ಹೊರಡುತ್ತಿದ್ದೇವೆ ಅಂತ. ಅವಳಿಗೆ ಎರಡೆರಡು ಸಲ ಮಾತು ಬದಲಾಯಿಸಲಾರೆ."

ಅಗೆಯುವವರು ಏಪ್ರಿಲ್ ಒಂಬತ್ತಕ್ಕೆ ಬರುತ್ತಾರೆ. ನನ್ನ ತಪ್ಪಿನಿಂದ ಒಬ್ಬ ಹೆಂಗಸು ಮೂವತ್ತಮೂರು ವರ್ಷ ಮಲಗಿದ್ದ ಜಾಗದಿಂದ ಎದ್ದು ಹೋಗಬೇಕಾಗಿದೆ. ಇದನ್ನು ಯಾವ ನಮೂನೆಯಲ್ಲಿ ಬರೆಯಬೇಕೋ ನನಗೆ ತಿಳಿಯದು.

ಅಶ್ವತ್ಥ

* * *

ಜ್ವೊಲೆ
ಮಾರ್ಚ್ ೩, ೨೦೨೪

ಅಶ್ವತ್ಥ,

ಹೆಸರು ತುಂಡು ಮಾಡಿ ಸಹಿ ಹಾಕಿದ್ದೀರಿ, ನಾನೂ ಹಾಗೆಯೇ ಕರೆಯುತ್ತೇನೆ. ನಾನು ನಿಮಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು.

ಒಂದು ಕಣ್ಣು ಬೆಳಕು ಹಿಡಿಯುತ್ತದೆ, ಅಕ್ಷರ ಹಿಡಿಯುವುದಿಲ್ಲ. ಇನ್ನೊಂದು ಚೆನ್ನಾಗಿದೆ. ಈ ಪತ್ರ ನಿಧಾನವಾಗಿ ಬರೆಯುತ್ತಿದ್ದೇನೆ, ಅದಕ್ಕೇ ಚಿಕ್ಕದು.

ನಕ್ಷೆಯನ್ನು ಮನೆಯಲ್ಲಿ ಬಿಟ್ಟು ಹೋಗಿ. ಅವರಿಗೆ ಅದು ಕೋರ್ಟಿನ ನೋಟಿಸಿನ ಹಾಗೆ ಕಾಣುತ್ತದೆ. ಕೈಯಲ್ಲಿ ಕಾಗದವಿಲ್ಲದೆ ಮಾತಾಡಲು ನಿಮಗೆ ಬರುತ್ತದೆಯೋ ನನಗೆ ಗೊತ್ತಿಲ್ಲ, ಪ್ರಯತ್ನ ಮಾಡಿ. ನಿಮ್ಮಮ್ಮ ಹೆಡ್‌ಮಾಸ್ಟರಿಗೆ ಹೇಳಿದ್ದನ್ನು ಹೇಳಿ. ನೀವು ಯಾಕೆ ತಪ್ಪಿದಿರಿ ಎಂದು ಗೊತ್ತಾದರೆ, ಈಗ ಯಾಕೆ ತಪ್ಪಿಲ್ಲ ಎನ್ನುವುದನ್ನೂ ನಂಬುತ್ತಾರೆ. ನನಗೆ ಬರೆದಿದ್ದೀರಲ್ಲ, ಅಷ್ಟನ್ನೇ ಹೇಳಿದರೆ ಸಾಕು.

ಅಲಮೇಲುವನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಹೋದರೆ ನೀವು ಮತ್ತೆ ಕಾರ್ಯದರ್ಶಿಯಾಗುತ್ತೀರಿ.

ತಾರಿಣಿ

* * *

ಮಾನ್ಮತ್ ಜಂಕ್ಷನ್
ಏಪ್ರಿಲ್ ೭, ೨೦೨೪

ತಾರಿಣಿಯಕ್ಕನಿಗೆ,

ನಮಸ್ಕಾರ. ದೊಡ್ಡ ಅಕ್ಷರಗಳಲ್ಲಿ ಕಳಿಸುತ್ತಿದ್ದೇನೆ. ಓದಲು ಶ್ರಮವಾಗಬಾರದು.

ಮಾರ್ಚ್ ಸಭೆಯಲ್ಲಿ ಅನುಮತಿ ದೊರೆಯಿತು. ವಕೀಲರು ಮಾತ್ರ, ಹಾಗಾದರೆ ಹ್ಯಾರಿಸ್‌ಬರ್ಗಿನಿಂದ ಆಲ್ಬನಿಯವರೆಗೆ ಗೆರಿಟ್‌ನ ಸಂತತಿ ಸಾವಿರಗಟ್ಟಲೆ ಇರಬಹುದು, ಎಲ್ಲರೂ ಬಂದರೆ ಏನು ಗತಿ ಎಂದರು. ಶ್ರೀನಿ, "ಬರ್ಲಿ ಬಿಡಿ ಸಾರ್, ವಿಸಿಟರ್ ಪಾರ್ಕಿಂಗ್ ಇದೆಯಲ್ಲ" ಎಂದದ್ದರಿಂದ ಸಭೆ ಅಲ್ಲಿಗೇ ಮುಗಿಯಿತು.

ಅದಾದ ನಂತರವೂ ವಿಲರ್ಡ್‌ರ ಬಳಿಗೆ ಹೋಗಲು ಹಿಂಜರಿದೆ. ಕಡೆಗೆ ಅಲಮೇಲು, "ನೀವು ಹೋಗ್ತೀರೋ, ಇಲ್ಲ ನಾನೇ ಹೋಗಿ ನಿಮ್ಮಮ್ಮನ ಕಥೆ ಹೇಳಲೋ?" ಎಂದು ಹೊರಡಿಸಿದಳು. ಬಿಸಿಬೇಳೆಬಾತನ್ನು ಡಬ್ಬಿಗೆ ತುಂಬಿ ತಾನೂ ಬಂದಳು. ಕಾಗದ ಒಯ್ಯಲಿಲ್ಲ.

ನಾನು ಹೇಳಿದೆ. ಚೆನ್ನಾಗಿ ಹೇಳಿದೆನೆನ್ನಲಾರೆ, ಮಧ್ಯದಲ್ಲಿ ಎರಡು ಬಾರಿ ನಿಂತೆ. ಅಮ್ಮನ ಭಾಗ ಬಂದಾಗ ಅವರು ಅಲಮೇಲುವಿನ ಕಡೆ ತಿರುಗಿ, "ನಿಜವೇ? ನೀನೂ ಹೇಳುವುದಿಲ್ಲವೇ ಮಾವನ ಹೆಸರು?" ಎಂದು ಕೇಳಿದರು.

"ಹೇಳಲ್ಲ" ಎಂದಳು. "ಆದ್ರೆ ಅಮೆರಿಕದಲ್ಲಿ ಎಲ್ಲರೂ ನನ್ನನ್ನ ಅದೇ ಹೆಸರಲ್ಲಿ ಕರೀತಾರೆ."

ಅವರಿಗೆ ನಗು ತಡೆಯಲಾಗಲಿಲ್ಲ. ಕೆಮ್ಮು ಬಂದು, ನೀರು ಕುಡಿದರು. "ಆ ಮುದುಕ ಮರಿಮಗುವನ್ನು ಎತ್ತಿಕೊಂಡು ನಿಂತಿದ್ದನೋ, ಬರೀ ಪಕ್ಕದಲ್ಲಿ ನಿಂತಿದ್ದನೋ?" ಎಂದು ಕೇಳಿದರು. ದಾಖಲೆಯಲ್ಲಿ ಅಷ್ಟು ಇಲ್ಲ ಎಂದೆ. "ಎತ್ತಿಕೊಂಡಿದ್ದ ಅಂತ ಇಟ್ಟುಕೋ" ಎಂದರು. ನಾನು ಇಟ್ಟುಕೊಂಡೆ. ಬರೆದಿಡದ ಸಂಗತಿಯೊಂದನ್ನು ಒಪ್ಪಿಕೊಂಡದ್ದು ನನ್ನ ವೃತ್ತಿಜೀವನದಲ್ಲಿ ಇದೇ ಮೊದಲು.

ಅಗೆಯುವವರಿಗೆ ಅಲ್ಲಿಂದಲೇ ಫೋನ್ ಮಾಡಿ ಬೇಡವೆಂದರು. ಅಣ್ಣನ ಮಗಳಿಗೂ ಹೇಳಿದರು. ಡೋರಿಸ್‌ಗೆ ಏನು ಹೇಳುತ್ತೀರಿ ಎಂದು ಅಲಮೇಲು ಕೇಳಿದಳು. "ಪಕ್ಕದ ಮನೆಯವನು ತಪ್ಪು ದಾರಿ ತೋರಿಸಿದ ಅಂತ ಹೇಳುತ್ತೇನೆ. ಅವಳು ನನ್ನನ್ನು ಬೈಯುವುದಕ್ಕಿಂತ ನಿನ್ನನ್ನು ಬೈಯುವುದು ವಾಸಿ" ಎಂದು ನನ್ನನ್ನು ನೋಡಿದರು.

ಇಂದು ಮಧ್ಯಾಹ್ನ ಜಾಗ ಗುರುತು ಮಾಡಲು ನಾನೂ ವಿಲರ್ಡ್‌ರೂ ಬೇಲಿಯೊಳಗೆ ಹೋದೆವು. ಬೋರ್ಡಿಗೆ ಅಳತೆ ಬೇಕಾಗಿತ್ತು. ನಾನು ಟೇಪು ಬಿಚ್ಚಿ, ಡೋರಿಸ್‌ರ ಕಲ್ಲಿನಿಂದ ಎಷ್ಟು ದೂರ ಎಂದು ಕೇಳುವಷ್ಟರಲ್ಲಿ ಅವರು ಕೋಟು ಟೋಪಿ ಸಮೇತ ಡೋರಿಸ್‌ರ ಬಲಗೈ ಪಕ್ಕದ ಹುಲ್ಲಿನ ಮೇಲೆ ಮಲಗಿಬಿಟ್ಟಿದ್ದರು. ನೆಲ ಇನ್ನೂ ತೇವವಾಗಿತ್ತು. ಏಳಿ ಎಂದೆ. "ಅಳೆ" ಎಂದರು. ಅಳೆದೆ. ಕೊಳದ ಸುತ್ತ ವಾಕಿಂಗ್ ಹೊರಟಿದ್ದ ಹೆಂಗಸೊಬ್ಬರು ಬೇಲಿಯಾಚೆ ನಿಂತು, "ಅಂಕಲ್, ಎವೆರಿಥಿಂಗ್ ಓಕೆ?" ಎಂದು ಕೂಗಿದರು. ವಿಲರ್ಡ್ ಮಲಗಿದಲ್ಲಿಂದಲೇ ಕೈ ಬೀಸಿದರು.

ಎಡಪಕ್ಕದಲ್ಲಿ ನೆಲ ಒಣಗಿದೆಯಲ್ಲ, ಅಲ್ಲಿಯೇ ಗುರುತು ಮಾಡೋಣವೇ ಎಂದು ಕೇಳಿದೆ.

"ಬೇಡ. ನನ್ನ ಬಲಗಿವಿ ಲಾರಿ ಓಡಿಸಿ ಓಡಿಸಿ ಹೋಯಿತು. ಎಡಗಿವಿ ಅವಳ ಕಡೆಗೇ ಇರಬೇಕು" ಎಂದರು.

ಅಳತೆ ಬರೆದುಕೊಂಡೆ. ಅವರಿಗೆ ಏಳಲಾಗಲಿಲ್ಲ, ಕೈ ಕೊಟ್ಟೆ. ಎರಡು ಸಲ ಜಾರಿ, ಮೂರನೆಯ ಸಲ ನನ್ನ ಹೆಗಲು ಹಿಡಿದು ಎದ್ದು ನಿಂತರು. ಬೆನ್ನಿಗೆ ಅಂಟಿದ ಹುಲ್ಲನ್ನು ನಾನು ಕೊಡವಿದೆ.

ತಮ್ಮ ತಮ್ಮ,
ಅಶ್ವತ್ಥ